ನೀರಿಲ್ಲದ ಮೈದಾನದ ನಾವಿಕ

ಇಡೀ ರೋಣ ತಾಲೂಕಿನಲ್ಲಿ ದೋಣಿ ಓಡಿಸುವುದರಲ್ಲಿ ನನ್ನ ಸೋದರಮಾವನನ್ನು ಸೋಲಿಸುವವರಿಲ್ಲ. ಎದುರಾಳಿ ಬರಬೇಕಾದರೆ ತಾಲೂಕಿನಲ್ಲಿ ಒಂದಾದರೂ ರೇಸಿನ ದೋಣಿ ಇರಬೇಕಲ್ಲ!

ಮೆಣಸಗಿಯಲ್ಲಿ ಹುಟ್ಟಿದ ಮಾವ ಸೈನ್ಯ ಸೇರಿದಾಗ, ಅವನ ಉದ್ದನೆಯ ತೋಳು ನೋಡಿ ಯಾರೋ ಕೈಗೆ ದೋಣಿಯ ಹುಟ್ಟು ಕೊಟ್ಟರಂತೆ. ಆ ಹುಟ್ಟು ಅವನನ್ನು ಒಲಿಂಪಿಕ್ಸ್‌ವರೆಗೆ ಒಯ್ದಿತು. ಊರಿಗೆ ಮರಳಿದಾಗ ಹಿರಿಯರೊಬ್ಬರು ಕೇಳಿದರು: "ಎಷ್ಟನೇ ನಂಬರ್ ಬಂದ್ಯೋ?"

"ಜಗತ್ತಿನಾಗ ಹತ್ತೊಂಬತ್ತನೇದವ ರೀ."

"ಅಷ್ಟ ಏನು? ನಮ್ಮ ಮೊಮ್ಮಗಳು ಸಾಲ್ಯಾಗ ಎರಡನೇದಾಕಿ!"

ಮುಂದೆ ಮಾವ ರೋಣದ ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರಾದ. ಮೈದಾನದಲ್ಲಿ ಬೆಂಚುಗಳನ್ನು ಒಂದರ ಹಿಂದೊಂದು ಇಟ್ಟು, ನಮ್ಮ ಕೈಗೆ ಬಿದಿರಿನ ಗಳ ಕೊಟ್ಟು, ಧೂಳಿನಲ್ಲಿ ಹುಟ್ಟು ಹಾಕಿಸುತ್ತಿದ್ದ. ಹೆಡ್‌ಮಾಸ್ತರರು ಓಡಿಬಂದರು.

"ಏನ್ರಿ ಸರ್ ಇದು?"

"ರೇಸ್ ರೀ."

"ಬೆಂಚು ಇದ್ದಲ್ಲೇ ಅದಾವಲ್ರಿ!"

"ಅದಕ್ಕ ಇನ್ನಷ್ಟು ಜೋರ್ ಎಳೀರಿ ಅನ್ನಾಕತ್ತೀನಿ!"

ನಗಬೇಡಿ! ಅದೇ ಧೂಳಿನಿಂದ ಪುರ್ತಗೇರಿಯ ಹುಡುಗಿಯೊಬ್ಬಳು ಕ್ರೀಡಾ ವಸತಿನಿಲಯಕ್ಕೆ ಆಯ್ಕೆಯಾದಳು. ಕಳೆದ ವರ್ಷ ತಾನು ಕೆರೆಯಲ್ಲಿ ದೋಣಿ ನಡೆಸುವ ವಿಡಿಯೋ ಕಳಿಸಿದ್ದಳು. ನಿವೃತ್ತನಾಗಿದ್ದ ಮಾವ ಅದನ್ನು ಹತ್ತು ಸಲ ನೋಡಿ, "ಹುಟ್ಟು ಎತ್ತೂದು ತಡಾ ಮಾಡಾಕತ್ತ್ಯಾಳ" ಎಂದು ಬೈದ. ಆದರೆ ಅವನ ಕಣ್ಣು ಅವಳ ಮೇಲಿರಲಿಲ್ಲ, ನೀರಿನ ಮೇಲಿತ್ತು. ಅಂದು ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯಿತು.

ಅತ್ತೆ ಅದನ್ನು ನೋಡಿದಳು. ಹೊಳೆ ಮೆಣಸಗಿಗೆ ನುಗ್ಗಿದ ವರ್ಷದಿಂದ ನೀರೆಂದರೆ ಹೆದರುವ ಅತ್ತೆ ಮರುದಿನ ಬೆಳಿಗ್ಗೆ ಚೀಲ ಹಿಡಿದು ನಿಂತಳು. "ಮೆಣಸಗಿಗೆ ನಡೀರಿ. ಲಗ್ನ ಆದಾಗಿಂದ ಬರೇ ಹೇಳಾಕತ್ತೀರಿ. ಒಮ್ಮೆರ ದೋಣಿ ನಡಿಸಿ ತೋರಸ್ರಿ."

ನಾನೂ ಜೊತೆಗೆ ಹೋದೆ. ಮಲಪ್ರಭೆ ತುಂಬಿ ಶಾಂತವಾಗಿತ್ತು. ಮೀನು ಹಿಡಿಯುವವರೊಬ್ಬರ ಹಳೆಯ ದೋಣಿ ಕೇಳಿ ಪಡೆದೆವು. ಅತ್ತೆಯೇ ಮೊದಲು ಹತ್ತಿ, ಎರಡೂ ಕೈಯಿಂದ ಅಂಚು ಹಿಡಿದು ಕುಳಿತಳು. ಮಾವ ಹುಟ್ಟು ಹಾಕತೊಡಗಿದ. ಹೊಳೆಯ ನಡುವೆ ತಟ್ಟನೆ ಕೈ ನಿಲ್ಲಿಸಿದ.

"ಯಾಕ್ರೀ, ದಣಿದ್ರೇನು?"

"ಇಲ್ಲ." ಮಾವ ತಿರುಗಿ ಎದುರಿನ ದಡ ನೋಡಿದ. "ದಂಡಿ ಭಾಳ ಲಗೂ ಬಂದ್ ಬಿಡ್ತೈತಿ."

ಅತ್ತೆಯ ಬೆರಳುಗಳು ಹೆದರಿಕೆಗೆ ಬಿಳಿಚಿಕೊಂಡಿದ್ದವು. ಆದರೂ ಅಂದಳು:

"ಹಂಗಾರ ದೋಣಿ ಹೊಳ್ಳಿಸ್ರಿ. ಇನ್ನೊಮ್ಮೆ ಹೋಗೂಣು."