ಹೊಟ್ಟೆ ಇಳಿಸಲು ಸೈಕಲ್ ಹತ್ತಿದೆವು

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಟ್ರೋಲರ್. ಇಪ್ಪತ್ತಾರು ವರ್ಷ ಮಂದಿಯನ್ನು ಬಸ್ಸಿಗೆ ಹತ್ತಿಸಿ ಕಳಿಸಿದವನು, ಐವತ್ತೆರಡನೆಯ ವಯಸ್ಸಿಗೆ ನಾನೇ ಸೈಕಲ್ ಹತ್ತಿದೆ. ಅಂದಿನಿಂದ ಸೊಂಟ ಎರಡು ಇಂಚು ಇಳಿದಿದೆ. ಮರ್ಯಾದೆಯೂ ಹೆಚ್ಚುಕಡಿಮೆ ಅಷ್ಟೇ ಇಳಿದಿದೆ. ವಾರಕ್ಕೊಂದು ಪ್ರಸಂಗ ಆಗದೇ ಇರುವುದಿಲ್ಲ. ಹೇಳಲು ಏನೂ ಇಲ್ಲದೆ ನಾನು ಸುಮ್ಮನೆ ಉಣ್ಣಲು ಕೂತರೆ ಮನೆಯಾಕೆ ಕೇಳುತ್ತಾಳೆ, "ಯಾಕ, ಈ ವಾರ ಸೈಕಲ್ ಹೊಡೀಲಿಲ್ಲೇನು?"

೧. ಟಾಪ್ ಗೇರು

ರಕ್ತ ತಪಾಸಣೆಯ ಕಾಗದ ನೋಡಿ ಡಾಕ್ಟರು ಹೇಳಿದರು, "ಸಕ್ಕರಿ ಈಗ ಬಾಗಲಾ ಬಡ್ಯಾಕತ್ತೇತಿ. ಒಳಗ ಬರೋದ್ರಾಗ ನೀವ ಹೊರಗ ಬೀಳ್ರಿ. ದಿನಾ ಸೈಕಲ್ ಹೊಡೀರಿ."

ಹೊಸ ಸೈಕಲ್ ತಂದೆ. ಅದಕ್ಕೆ ಇಪ್ಪತ್ತೊಂದು ಗೇರು. ಯಾವಾಗ ಯಾವುದು ಹಾಕಬೇಕೆಂದು ಅಂಗಡಿಯವನು ಹೇಳಿದ್ದ, ನನ್ನ ತಲೆಗೆ ಹೋಗಿರಲಿಲ್ಲ. ಟಾಪ್ ಗೇರಿನಲ್ಲಿ ಗಾಡಿ ಹಗುರಾಗಿ ಓಡುತ್ತದೆಂದು ಡ್ರೈವರುಗಳ ಬಾಯಲ್ಲಿ ಕೇಳಿದ್ದು ನೆನಪಿತ್ತು. ಮರುದಿನ ನಸುಕಿನಲ್ಲಿ ಟಾಪ್ ಗೇರು ಹಾಕಿಕೊಂಡೇ ಯರಗಟ್ಟಿ ರಸ್ತೆ ಹಿಡಿದೆ.

ಊರು ದಾಟಿದ ಕೂಡಲೇ ಒಂದು ಸಣ್ಣ ಏರು. ಬಸ್ಸಿನಲ್ಲಿ ಕೂತಾಗ ಅದು ಏರೆಂದು ನನಗೆ ಗೊತ್ತೇ ಆಗಿರಲಿಲ್ಲ. ಪೆಡಲ್ ಮೇಲೆ ಎದ್ದು ನಿಂತು ತುಳಿದರೂ ಸೈಕಲ್ ಮುಂದೆ ಹೋಗಲೊಲ್ಲದು. ಆಗ ಹಿಂದಿನಿಂದ ತಲೆ ಮೇಲೆ ಮೇವಿನ ಹೊರೆ ಹೊತ್ತ ಒಬ್ಬ ಮುದುಕಿ ನಡೆದು ಬಂದಳು. ನನ್ನ ಜೋಡಿಗೆ ಬಂದಳು. ಆಮೇಲೆ ನನ್ನನ್ನು ದಾಟಿ ಮುಂದೆ ಹೋದಳು. ನಾಲ್ಕು ಹೆಜ್ಜೆ ಹೋಗಿ, ಕನಿಕರ ಬಂದಿರಬೇಕು, ತಿರುಗಿ ನಿಂತಳು.

"ಸೈಕಲ್ ಕೆಟ್ಟೇತೇನ್ರಿ?"

"ಇಲ್ಲಬೇ ಯವ್ವಾ. ಮೈ ದಣೀಲಿ ಅಂತ ಹೊಡ್ಯಾಕತ್ತೇನಿ."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಮೈ ದಣ್ಯಾಕ ಅಷ್ಟ್ಯಾಕ ತ್ರಾಸ ತಗೋತೀರಿ? ಈ ಹೊರಿ ಹೊತ್ಕೋರಿ, ಸೈಕಲ್ ನಾ ದಬ್ಬಿಕೊಂಡ ಬರತೇನಿ."

೨. ತಡವಾದ ಬಸ್ಸುಗಳು

ಏರಿಗೆ ಸಣ್ಣ ಗೇರು ಹಾಕಬೇಕೆಂದು ತಿಳಿದ ಮೇಲೆ ಸವದತ್ತಿ ರಸ್ತೆಗೆ ಹೊರಳಿದೆ. ಅಲ್ಲಿ ಬೇರೆ ಸಮಸ್ಯೆ. ಆ ರಸ್ತೆಯ ಅಷ್ಟೂ ಡ್ರೈವರುಗಳು ನನ್ನ ಗುರುತಿನವರು. ಕಂಟ್ರೋಲರ್ ಸಾಹೇಬರು ಬೆವರು ಸುರಿಸಿಕೊಂಡು ಸೈಕಲ್ ತುಳಿಯುವುದನ್ನು ನೋಡಿ ಸುಮ್ಮನೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ.

ಮೊದಲನೆಯ ಬಸ್ಸು ನಿಂತಿತು. "ಹತ್ರಿ ಸಾಹೇಬ್ರ." ಬೇಡವೆಂದೆ. ಎರಡನೆಯದೂ ನಿಂತಿತು. ಮೂರನೆಯ ಬಸ್ಸಿನ ಕಂಡಕ್ಟರು ಕೇಳುವ ಗೊಡವೆಗೇ ಹೋಗದೆ ಕೆಳಗಿಳಿದು, ಸೈಕಲ್ಲನ್ನು ಬಸ್ಸಿನ ಮೇಲೇರಿಸಲು ಅದರ ಹಿಂದಿನ ಗಾಲಿ ಹಿಡಿದ. ಮುಂದಿನ ಗಾಲಿಯನ್ನು ಒಬ್ಬ ಪ್ಯಾಸೆಂಜರ್ ಹಿಡಿದ. ನಡುವೆ ನಾನು ಇನ್ನೂ ಸೀಟಿನ ಮೇಲೇ ಇದ್ದೆ. ವ್ಯಾಯಾಮವೆಂದರೇನೆಂದು ತಿಳಿಸಿ ಹೇಳಿ ಬಿಡಿಸಿಕೊಳ್ಳುವಷ್ಟರಲ್ಲಿ ಹಿಂದೆ ಇನ್ನೊಂದು ಬಸ್ಸು ಬಂದು ನಿಂತಿತ್ತು.

ಹತ್ತು ಗಂಟೆಗೆ ಡ್ಯೂಟಿಗೆ ಹೋಗಿ ರಜಿಸ್ಟರ್ ತೆಗೆದರೆ ಸವದತ್ತಿ ಕಡೆಯ ನಾಲ್ಕೂ ಬಸ್ಸು ತಡ. ಖುರ್ಚಿಯಲ್ಲಿ ಕೂತವನು ಖುರ್ಚಿಯ ಮಾತು ಆಡಬೇಕಲ್ಲ. ಮೂರನೆಯ ಬಸ್ಸಿನ ಕಂಡಕ್ಟರನನ್ನು ಕರೆದು ಕೇಳಿದೆ, "ಯಾಕ ಲೇಟ? ಕಾರಣ ಏನ ಬರೀಲಿ?"

ಆತ ಮುಖ ಬಿಗಿಹಿಡಿದು ಹೇಳಿದ, "ದಾರ್ಯಾಗ ಒಬ್ಬ ಪ್ಯಾಸೆಂಜರ ಹತ್ತಂಗಿಲ್ಲಂತ ಹಟಾ ಹಿಡದಿದ್ದಾ ಅಂತ ಬರೀರಿ ಸಾಹೇಬ್ರ."

೩. ಸಾವಕಾರರ ಚಡ್ಡಿ

ಒಬ್ಬನೇ ಹೋಗುವುದು ಬೇಸರವಾಗಿ ಜೊತೆ ಹುಡುಕಿದೆ. ಇಬ್ಬರು ಸಿಕ್ಕರು. ಒಬ್ಬರು ನಿವೃತ್ತ ಮಾಸ್ತರರು. ಮೂವತ್ತು ವರ್ಷ ಹಳ್ಳಿ ಶಾಲೆಗಳಿಗೆ ಸೈಕಲ್ ಮೇಲೆಯೇ ಹೋದವರು, ಹೀಗಾಗಿ ಅವರೇ ನಮ್ಮ ಮುಂದಾಳು. ಇನ್ನೊಬ್ಬರು ಬಜಾರಿನ ಅರಿವೆ ಅಂಗಡಿ ಸಾವಕಾರರು. ನೂರಾ ಹತ್ತು ಕಿಲೋ ತೂಕ. ಮನಸ್ಸು ಮಾತ್ರ ಹೂವಿನಂಥದ್ದು.

ಎರಡು ದಿನಕ್ಕೇ ಸಾವಕಾರರಿಗೆ ಅಂಗಡಿಯ ಗಾದಿಯ ಮೇಲೂ ಕೂಡಲು ಆಗದಂತಾಯಿತು. ಸೈಕಲ್ ಹೊಡೆಯುವವರಿಗೆಂದೇ ಮೆತ್ತೆ ಇಟ್ಟ ಚಡ್ಡಿ ಸಿಗುತ್ತದೆ, ಬೆಳಗಾವಿಯಿಂದ ತರಿಸಿರೆಂದೆ. ಅವರಿಗೆ ಅಭಿಮಾನ ಅಡ್ಡ ಬಂತು.

"ಅರಿವಿ ಅಂಗಡಿ ಇಟ್ಟಾಂವ ನಾ. ಹೆರವರ ಅಂಗಡ್ಯಾಗ ಚಡ್ಡಿ ಕೊಳ್ಳಲೇನು?"

ತಮ್ಮ ದರ್ಜಿಯ ಕೈಯಲ್ಲಿ ಚಡ್ಡಿ ಹೊಲಿಸಿ, ಗಾದಿ ಮಾಡುವವನಿಂದ ಒಳಗೆ ಅರಳೆ ತುಂಬಿಸಿದರು. ಊರು ಹತ್ತಿಯದು, ಕೈ ಬಿಚ್ಚಿಯೇ ತುಂಬಿದ್ದ. ಅದನ್ನು ತೊಟ್ಟು ಭಾನುವಾರ ಬಂದಾಗ ಸಾವಕಾರರು ಸೀಟಿಗಿಂತ ಒಂದು ಗೇಣು ಮೇಲೆ ಕೂತಂತೆ ಕಂಡರು. "ಅರಮನ್ಯಾಗ ಕುಂತಂಗ ಆಗೇತಿ," ಎಂದರು.

ಮೂರು ಮೈಲಿ ಅರಮನೆಯಲ್ಲೇ ಇದ್ದರು. ಆಮೇಲೆ ಮಳೆ ಬಂತು. ಸುತ್ತ ಎಲ್ಲಿಯೂ ಗಿಡವಿಲ್ಲ, ಬರಿಯ ಹೊಲ. ಅರಳೆ ನೀರು ಕುಡಿಯುತ್ತ ಹೋಯಿತು. ಒಂದೊಂದು ಸಲ ತುಳಿದಾಗಲೂ ಎರಡೂ ಕಡೆ ನೀರು ಚಿಮ್ಮತೊಡಗಿತು. ಕಡೆಗೆ ಅವರು ಇಳಿದು, ಚಡ್ಡಿಯನ್ನು ಎರಡೂ ಕೈಯಿಂದ ಮೇಲೆ ಹಿಡಿದುಕೊಂಡು ನಿಂತರು. ಕೈ ಬಿಟ್ಟರೆ ಭಾರಕ್ಕೆ ಜಾರುತ್ತಿತ್ತು. ಮಾಸ್ತರರು ಒಂದು ಕಡೆ, ನಾನು ಒಂದು ಕಡೆ ಹಿಂಡತೊಡಗಿದೆವು.

ಟ್ರ್ಯಾಕ್ಟರ್ ಹೊಡೆದುಕೊಂಡು ಬಂದ ರೈತನೊಬ್ಬ ನಿಲ್ಲಿಸಿ ಕೇಳಿದ, "ಏನ ತುಂಬೀರಿ ಒಳಗ?"

"ಹತ್ತಿ," ಎಂದರು ಸಾವಕಾರರು, ಸಣ್ಣ ದನಿಯಲ್ಲಿ.

ರೈತ ಬಹಳ ಕಾಳಜಿಯಿಂದ ಹೇಳಿದ, "ಹಸೀದ ಒಯ್ಯಬ್ಯಾಡ್ರಿ ಸಾವಕಾರ್ರ, ಮಾರ್ಕೆಟಿನ್ಯಾಗ ದರಾ ಬಾಳ ಮುರೀತಾರ. ಎರಡ ದಿನಾ ಒಣಗಿಸಿ ಒಯ್ರಿ."

೪. ಹಾಜರಿ

ಮಾಸ್ತರರ ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಅವರು ಆ ಮಾತು ಎತ್ತುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಶನಿವಾರ ಸಂಜೆ ವಾಟ್ಸಾಪಿನಲ್ಲಿ ಬರೆಯುತ್ತಿದ್ದರು: "ನಾಳೆ ಐದೂವರೆ. ಚಚಡಿ. ತಪ್ಪದೆ ಬರುವುದು." ನಾವಿಬ್ಬರೂ ಹೆಬ್ಬೆರಳು ಒತ್ತಿ ಕಳಿಸುತ್ತಿದ್ದೆವು.

ಒಂದು ಭಾನುವಾರ ಸಣ್ಣಗೆ ಮಳೆ ಹನಿಯುತ್ತಿತ್ತು. ಸಾವಕಾರರು ಹೋಗುತ್ತಾರಲ್ಲ ಎಂದು ನಾನು ಮಗ್ಗಲು ಬದಲಿಸಿ ಮಲಗಿದೆ. ಕಂಟ್ರೋಲರ್ ಹೋಗುತ್ತಾರಲ್ಲ ಎಂದು ಸಾವಕಾರರೂ ಮಲಗಿದರು. ಎಂಟು ಗಂಟೆಗೆ ಫೋಟೋ ಬಂತು. ಚಚಡಿ ಊರಿನ ಹಳೆಯ ವಾಡೆಯ ದೊಡ್ಡ ಬಾಗಿಲ ಮುಂದೆ ಮಾಸ್ತರರು, ಪಕ್ಕದಲ್ಲಿ ಅವರ ಸೈಕಲ್ಲು. ಕೆಳಗೆ ಬರೆದಿದ್ದರು: "ಎಲ್ಲರೂ ಸುಖರೂಪವಾಗಿ ಮುಟ್ಟಿದೆವು. ಹಾಜರಿ: ಒಂದು."

ನನಗೆ ನಾಚಿಕೆಯಾಗಿ ಫೋನ್ ಮಾಡಿದೆ. ಅವರಿಗೆ ಸಿಟ್ಟಿರಲಿಲ್ಲ. "ಅದಕ್ಕೇನ ಬಿಡ್ರಿ. ಮನ್ಯಾಗ ಒಬ್ಬನ ಇರೂದಕ್ಕಿಂತ ದಾರ್ಯಾಗ ಒಬ್ಬನ ಇರೂದು ಚಲೋ," ಎಂದರು.

ಆ ಮಾತು ಸಾವಕಾರರಿಗೆ ಹೇಳಿದೆ. ಮುಂದಿನ ಭಾನುವಾರ ಐದು ಗಂಟೆಗೇ ಇಬ್ಬರೂ ಮಾಸ್ತರರ ಮನೆ ಬಾಗಿಲು ಬಡಿದೆವು. ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಅವರು ಕದ ತೆಗೆದರು. ನಮ್ಮನ್ನು ನೋಡಿದರು, ಗಡಿಯಾರ ನೋಡಿದರು. ಕಣ್ಣಂಚು ಒದ್ದೆಯಾಗಿತ್ತು, ದನಿ ಮಾತ್ರ ಶಾಲೆಯದೇ.

"ಐದೂವರಿ ಅಂದಿದ್ನಿ. ಗಂಟಿ ಹೊಡಿಯೂತನಕಾ ಹೊರಗ ಸಾಲಾಗಿ ನಿಂದರ್ರಿ. ಗಿಡ್ಡಾವ್ರು ಮುಂದ."

ವಯಸ್ಸು ಕೂಡಿಸಿದರೆ ನೂರು ದಾಟುವ, ತೂಕ ಕೂಡಿಸಿದರೆ ಇನ್ನೂರು ಕಿಲೋ ಆಗುವ ನಾವಿಬ್ಬರೂ ಬೀದಿದೀಪದ ಕೆಳಗೆ ಬೆನ್ನಿಗೆ ಬೆನ್ನು ಹಚ್ಚಿ, ಗಿಡ್ಡವರು ಯಾರೆಂದು ಅಳೆದುಕೊಂಡೆವು.

೫. ಕಿತ್ತೂರಿನ ಸುತ್ತು

ಒಂದು ದಿನ ಹೆಂಡತಿ ರೊಟ್ಟಿ ಬಡಿಯುತ್ತ ಹೇಳಿದಳು, "ನನಗೂ ಕಲಸ್ರಿ."

ಆಕೆಗೆ ನಲವತ್ತೇಳು. ರಾಮದುರ್ಗದ ಕಡೆಯ ಹಳ್ಳಿಯವಳು. "ಈ ವಯಸ್ಸಿನ್ಯಾಗ?" ಎಂದೆ.

"ಸಾಲಿಗೆ ಹೋಗಬೇಕಾದ್ರ ನಮ್ಮಣ್ಣ ತುಳೀತಿದ್ದಾ, ನಾ ಹಿಂದ. ಲಗ್ನಾದ ಮ್ಯಾಲೆ ನೀವ ಗಾಡಿ ಹೊಡದ್ರಿ, ನಾ ಹಿಂದ. ಮುಂದ ಕುಂತಾವ್ರಿಗೆ ದಾರಿ ಹೆಂಗ ಕಾಣತೇತಿ ಅಂತ ಒಮ್ಮೆ ನೋಡಬೇಕಾಗೇತಿ."

ಆಕೆಗೂ ಒಂದು ಸೈಕಲ್ ತಂದೆ. ಹೈಸ್ಕೂಲ್ ಮೈದಾನದಲ್ಲಿ ಕಲಿಸಿದೆ. ಮೂರು ಸಲ ಬಿದ್ದಳು, ಮೊಣಕಾಲು ಕೆತ್ತಿಕೊಂಡಳು, ಬಿಡಲಿಲ್ಲ. ಕಟ್ಟೆಯಿಂದ ಹತ್ತಲು, ತುಳಿಯಲು, ಹೊರಳಿಸಲು, ಎಲ್ಲಾ ಕಲಿತಳು. ಇಳಿಯುವುದು ಮಾತ್ರ ಬರಲಿಲ್ಲ. ನಿಧಾನ ಮಾಡಿಕೊಂಡು ನನ್ನ ಹತ್ತಿರ ಬರುವಳು, ನಾನು ಹ್ಯಾಂಡಲ್ ಹಿಡಿಯುವೆ, ಆಕೆ ಪಲ್ಲಕ್ಕಿಯಿಂದ ಇಳಿದಂತೆ ಇಳಿಯುವಳು. "ಇಳ್ಯಾಕೂ ಕಲಿ," ಎಂದರೆ, "ನೀವ ಇದ್ದೀರಲ್ಲ," ಎನ್ನುವಳು.

ಮೂರು ತಿಂಗಳು ಕಳೆದ ಮೇಲೆ ನಾಲ್ವರೂ ಕೂಡಿ ಕಿತ್ತೂರಿಗೆ ಹೊರಟೆವು. ಅರ್ಧ ದಾರಿಯಲ್ಲಿ ಸಾವಕಾರರ ಗಾಲಿ ಪಂಚರ್ ಆಯಿತು. ನಾವು ಮೂವರು ನಿಂತೆವು. ಹೆಂಡತಿ ಮುಂದಿದ್ದಳು, ಕತ್ತು ತಿರುಗಿಸಿ ಕೂಗಿ ಹೇಳಿದಳು, "ನೀವ ಹಿಂದಿಂದ ಬರ್ರಿ. ನನಗ ನಿಂದ್ರಾಕ ಬರಂಗಿಲ್ಲ." ಹೋಗಿಯೇ ಬಿಟ್ಟಳು.

ಹತ್ತು ನಿಮಿಷದ ಕೆಲಸವೆಂದುಕೊಂಡೆವು. ಒಂದು ತೂತು ಮುಚ್ಚಿದರೆ ಇನ್ನೊಂದು ಸಿಕ್ಕಿತು. ಮುಕ್ಕಾಲು ತಾಸಾಯಿತು. ಆಕೆಯ ಫೋನು ನನ್ನ ಚೀಲದಲ್ಲಿತ್ತು. ನನ್ನ ಜೀವ ತಡೆಯಲಿಲ್ಲ. ಅವರಿಬ್ಬರನ್ನು ಅಲ್ಲೇ ಬಿಟ್ಟು ಹೊರಟೆ. ಅಷ್ಟು ಜೋರಾಗಿ ನಾನು ಎಂದೂ ತುಳಿದಿರಲಿಲ್ಲ. ದಾರಿಯ ಚಹಾ ಅಂಗಡಿಯಲ್ಲಿ ಕೇಳಿದರೆ, "ಹೋದ್ರಿ, ಆಗಳೇ ಹೋದ್ರಿ. ಚಾ ಕುಡೀರಿ ಅಂದ್ವಿ, ನಕ್ಕೋಂತ ಹೋದ್ರು," ಎಂದರು.

ಕಿತ್ತೂರು ಮುಟ್ಟಿದೆ. ಕೋಟೆಯ ಹತ್ತಿರದ ಬಯಲಿನಲ್ಲಿ ಗುಂಪುಗಟ್ಟಿ ಮಂದಿ ನಿಂತಿದ್ದರು. ಗುಂಪು ನೋಡಿ ಆಕೆ ಬಿದ್ದಿರಬೇಕೆಂದುಕೊಂಡೆ. ಸೈಕಲ್ ಅಲ್ಲೇ ಕೆಡವಿ, ಮಂದಿಯನ್ನು ಸರಿಸಿಕೊಂಡು ಒಳಗೆ ನುಗ್ಗಿದೆ.

ನಡುವೆ ನನ್ನ ಹೆಂಡತಿ ಗುಂಡಗೆ ಸುತ್ತು ಹೊಡೆಯುತ್ತಿದ್ದಳು. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ. ಹಿಂದೆಲ್ಲ ನಮ್ಮ ಹಳ್ಳಿಗಳಿಗೆ, ಸೈಕಲ್ಲಿನಿಂದ ಇಳಿಯದೆ ದಿನಗಟ್ಟಲೆ ಸುತ್ತುವ ಆಟದವರು ಬರುತ್ತಿದ್ದರು. ಮಂದಿ ಆಕೆಯನ್ನೂ ಹಾಗೇ ತಿಳಿದಿದ್ದರು. ಇಳಿಯಲು ಆಸರೆಗೆ ಒಂದು ಗಿಡವಿಲ್ಲ, ಗುರುತಿಲ್ಲದ ಗಂಡಸರ ಹೆಗಲು ಹಿಡಿಯುವಂತಿಲ್ಲ, ಹೀಗಾಗಿ ಪಾಪ ಸುತ್ತುತ್ತಲೇ ಇದ್ದಳು. ಯಾಕೆ ಇಳಿಯುವುದಿಲ್ಲವೆಂದು ಯಾರೋ ಕೇಳಿದ್ದಕ್ಕೆ, "ನಮ್ಮ ಮನ್ಯಾರು ಬರೂತನಕಾ ಇಳಿಯಂಗಿಲ್ಲ," ಎಂದು ಇದ್ದದ್ದು ಇದ್ದಂತೆ ಹೇಳಿದ್ದಳು. ಆ ಮಾತು ಬಾಯಿಂದ ಬಾಯಿಗೆ ಹೋಗುತ್ತ ವ್ರತವಾಗಿತ್ತು. ಮೂರು ದಿನದಿಂದ ಇಳಿದಿಲ್ಲವಂತೆ ಎಂದು ನನ್ನ ಪಕ್ಕದವನೇ ನನಗೆ ಹೇಳಿದ.

ನಾನು ಆಕೆಯ ಕಡೆಗೆ ಹೆಜ್ಜೆ ಇಟ್ಟೆ. ಮಾಲೆ ಕೊಟ್ಟ, ಹೂವು ಮಾರುವ ಅಜ್ಜಿ ಅಡ್ಡ ನಿಂತಳು.

"ಈಕಿ ಗಂಡ ನೀನ ಏನು?"

"ಹೌದಬೇ."

"ಎಲ್ಲಿ ಹೋಗಿದ್ದಿ?"

"ಪಂಚರ್ ಆಗಿತ್ತಬೇ."

"ಮೂರ ದಿನಾ ಪಂಚರ್ ತಗಿಯಾಕತ್ತಿದ್ದೇನು?"

ಮಂದಿಯೆಲ್ಲ ನನ್ನನ್ನು ನೋಡಿದ ರೀತಿ ನೋಡಿ ನಾನು ವಾದ ಮಾಡಲು ಹೋಗಲಿಲ್ಲ. ಅಜ್ಜಿ ಕೈ ಚಾಚಿದಳು. "ಇನ್ನ ಮ್ಯಾಲೆ ಈಕಿನ್ನ ಬಿಟ್ಟ ಇರಂಗಿಲ್ಲಂತ ನನ್ನ ಕೈ ಮುಟ್ಟಿ ಮಾತ ಕೊಡು. ಆಮ್ಯಾಲೆ ಇಳಸು." ಅಷ್ಟೂ ಮಂದಿಯ ಎದುರಿಗೆ ಮಾತು ಕೊಟ್ಟೆ. ಲಗ್ನದಲ್ಲಿಯೂ ನಾನು ಅಷ್ಟು ಸ್ಪಷ್ಟವಾಗಿ ಏನೂ ಹೇಳಿರಲಿಲ್ಲ.

ಹ್ಯಾಂಡಲ್ ಹಿಡಿದೆ. ಹೆಂಡತಿ ಇಳಿದಳು. ನನ್ನ ಹೆಗಲಿಗೆ ಒರಗಿ ನಿಂತಳು. ಮಂದಿ ಚಪ್ಪಾಳೆ ಹೊಡೆದರು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ದಣದಿ ಏನು?" ಎಂದು ಮೆಲ್ಲಗೆ ಕೇಳಿದೆ.

ಆಕೆ ಅರ್ಧ ಬಾಟಲಿ ನೀರು ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕಿವಿಯ ಹತ್ತಿರ ಹೇಳಿದಳು, "ಅಜ್ಜಿಗೆ ಮಾತ ಕೊಟ್ಟೀರಿ. ನನ್ನ ಬಿಟ್ಟ ಇರಬಾರದಂದ್ರ ಊರಿಗೆ ಹೋಗಬೇಕಾದ್ರ ಒಂಚೂರ ಜೋರ ತುಳೀರಿ."