ಎದುರಂಗಡಿಯವನ ಬಣ್ಣದ ವೈರು

ವೈರಿಂಗ್ ಕೆಲಸದಲ್ಲಿ ನಗೆಪಾಟಲಾಗುವುದು ಇದ್ದದ್ದೇ. ಆದರೆ ನಾನು ನಗೆಪಾಟಲಾದಾಗೆಲ್ಲ ಎದುರಂಗಡಿಯವನ ಹೆಸರು ಬೆಳೆಯುತ್ತದೆ. ಅದೇ ಸಂಕಟ.

ರಾಯಚೂರಿನ ತೀನ್ ಕಂದೀಲ್ ಹತ್ತಿರ ನನ್ನ ಅಂಗಡಿ. ಎದುರಿಗೆ ಅವನದು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಂಗ್‌ಗೆ ಹಸಿರು ಎಂದು ಬಣ್ಣ ನೋಡಿಯೇ ವೈರು ಎಳೆಯುತ್ತಾನೆ. ನಾನು ಕೈಗೆ ಸಿಕ್ಕಿದ್ದು ಎಳೆದವನು. ಯಾವುದು ಯಾವುದೆಂಬುದು ನನ್ನ ತಲೆಯಲ್ಲಿರುತ್ತಿತ್ತು. ಜನ ನನ್ನ ತಲೆ ಬಿಟ್ಟು ಅವನ ಬಣ್ಣ ಹಿಡಿದರು. ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಉಳಿದದ್ದು ಮಾನ್ವಿಯ ಒಂದು ಅಕ್ಕಿ ಮಿಲ್ಲು. ಮೂವತ್ತು ವರ್ಷದ ಗಿರಾಕಿ. ಅದೊಂದು ಅವನ ಕೈಗೆ ಹೋಗಬಾರದು.

೧. ದೇವರ ಮನೆಗೆ ಕರಿ

ಗಬ್ಬೂರಿನಲ್ಲಿ ಹೊಸ ಮನೆ. ಅವನನ್ನು ನೋಡಿ ನಾನೂ ಬಣ್ಣದ ವೈರು ಒಯ್ದಿದ್ದೆ. ದೇವರ ಮನೆಯ ಬಾಗಿಲಲ್ಲಿ ಮನೆಯಾಕೆ ಅಡ್ಡ ನಿಂತಳು.

"ಇಲ್ಲಿ ಕರಿ ವೈರ್ ಬ್ಯಾಡ್ರಿ."

"ಕರಿ ಇಲ್ಲಂದ್ರ ಲೈಟ್ ಹತ್ತಂಗಿಲ್ಲ."

"ಹತ್ತದಿದ್ರ ಬಿಡ್ರಿ. ದೇವರಿಗೆ ಕರಿ ಬ್ಯಾಡ."

"ಹಂಗಾದ್ರ ಎಣ್ಣಿ ದೀಪಾನೇ ಹಚ್ಚಿಕೋರಿ" ಎಂದು ಎದ್ದು ಬಂದೆ.

ಆಕೆ ಅವನನ್ನು ಕರೆಸಿದಳು. ಅವನು ಹೇಳಿದನಂತೆ: "ಯವ್ವಾ, ಕೆಂಪು ವೈರಿಗೆ ಮಂದಿ ಕಣ್ಣು ಬೀಳ್ತದ. ಅದಕ್ಕ ದೃಷ್ಟಿಬೊಟ್ಟು ಇಟ್ಟಂಗ ಬಾಜೂಕ ಒಂದು ಕರಿ ಇಡ್ತೀವಿ."

ಅವನಿಗೆ ಹೋಳಿಗೆ ಊಟ. ಅಡುಗೆ ಮನೆಗೆ ಒಂದು ಕರಿ ವೈರು ಹೆಚ್ಚಿಗೆ ಎಳೆಯಲೂ ಆಕೆ ಹೇಳಿದಳಂತೆ.

೨. ಹತ್ತದ ಟೆಸ್ಟರು

ಮಸರಕಲ್‌ನ ರೈತನೊಬ್ಬನ ದನದ ಕೊಟ್ಟಿಗೆಗೆ ಅವನು ಸೋಲಾರ್ ದೀಪ ಹಾಕಿದ. ಬ್ಯಾಟರಿಯ ಹನ್ನೆರಡು ವೋಲ್ಟು. ಕೆಂಪು ಪ್ಲಸ್, ಕಪ್ಪು ಮೈನಸ್. ತಪ್ಪು ಹುಡುಕಲೆಂದೇ ನಾನು ಬಸ್ಸು ಹಿಡಿದು ಹೋದೆ.

ಕೆಂಪಿಗೆ ಟೆಸ್ಟರ್ ಇಟ್ಟೆ. ಹತ್ತಲಿಲ್ಲ. ಕಪ್ಪಿಗೆ ಇಟ್ಟೆ. ಹತ್ತಲಿಲ್ಲ. ಅಷ್ಟು ಕಡಿಮೆ ವೋಲ್ಟಿಗೆ ಆ ಟೆಸ್ಟರ್ ಹತ್ತುವುದೇ ಇಲ್ಲ. ಹೊಟ್ಟೆಕಿಚ್ಚಿನಲ್ಲಿ ಅದು ಮರೆತುಹೋಗಿತ್ತು.

"ನೋಡಪಾ, ಎರಡರಾಗೂ ಕರೆಂಟಿಲ್ಲ. ಬರೇ ಬಣ್ಣದ ಶೋಕಿ."

ರೈತ ಮೇಲೆ ನೋಡಿದ. "ಹೌದೇನ್ರಿ ಯಪ್ಪಾ? ಹಂಗಾದ್ರ ನಿಮ್ಮ ತಲಿ ಮ್ಯಾಲ ಉರಿಯಾಕತ್ತಿದ್ದು ಏನು?"

೩. ಸಾಹುಕಾರರ ಉಡಿ

ಕೊನೆಗೆ ಅವನು ಮಿಲ್ಲಿಗೂ ಬಂದ.

ತೌಡು ಹೊರಗೆ ಸಾಗಿಸುವ ಬೆಲ್ಟಿನ ಮೋಟರು ಸುಟ್ಟಿತ್ತು. ಸಾಹುಕಾರರು ಇಬ್ಬರನ್ನೂ ಕರೆಸಿದರು. ಮೂರು ಫೇಸಿನ ಲೈನು. ಕೆಂಪು, ಹಳದಿ, ನೀಲಿ ಇರಬೇಕು. ನಾನು ಎಳೆದದ್ದು ಮೂರೂ ಕಪ್ಪು.

"ಯಜಮಾನ್ರ, ನೀವು ವೈರಿಗೆ ಬಣ್ಣದ ಟೇಪ್ ಸುತ್ರಿ. ಹೊಸಾ ಮೋಟರ್ ಇವ ಜೋಡಸ್ಲಿ. ಯಾರ ಕೆಲಸ ಪಸಂದ್ ಬರ್ತದ, ಇನ್ಮ್ಯಾಲ ಮಿಲ್ ಅವರದು" ಎಂದು ಸಾಹುಕಾರರು ನನಗೆ ಹೇಳಿದರು.

ಮೂರರಲ್ಲಿ ಎರಡು ಅದಲುಬದಲಾದರೆ ಮೋಟರು ಉಲ್ಟಾ ತಿರುಗುತ್ತದೆ. ಯಾವುದು ಯಾವುದೆಂದು ಅವತ್ತು ನೆನಪಾಗಲಿಲ್ಲ. ಅವನ ಮುಂದೆ ಪರೀಕ್ಷಿಸಲು ನಾಚಿಕೆ. ಎಲ್ಲಿ ಚೆಂದ ಕಂಡಿತೋ ಅಲ್ಲಿ ಹಳದಿ ಸುತ್ತಿದೆ.

"ಕಾಕಾ, ಬಣ್ಣ ಬರೋಬ್ಬರಿ ಅದಾವಲ್ರಿ?"

"ಮೂವತ್ತು ವರ್ಷದ ಮಿಲ್ಲು ಲೇ. ನನಗ ಕೇಳ್ತಿ?"

ನಂಬಿ ಜೋಡಿಸಿದ. ಬೆಲ್ಟು ಕಳಚಿ ಮೋಟರಷ್ಟೇ ಒಮ್ಮೆ ತಿರುಗಿಸಿ ನೋಡೋಣ ಅಂದ.

"ರಾಹುಕಾಲ ಬರ್ತದ. ಹಾಕು ಸ್ವಿಚ್ಚು" ಎಂದರು ಸಾಹುಕಾರರು. ಬಿಳಿ ಧೋತರ ಉಟ್ಟು, ಬೆಲ್ಟಿನ ಒಳತುದಿಯಲ್ಲಿ ಪೂಜೆಗೆ ಕೂತಿದ್ದರು.

ಹಾಕಿದ. ಬೆಲ್ಟು ಹಿಂದಕ್ಕೆ ಓಡಿತು. ಹೊರಗೆ ಹೋಗದೆ ಬೆಲ್ಟಿನ ಮೇಲೇ ಉಳಿದಿದ್ದ ತೌಡೆಲ್ಲ ತಿರುಗಿ ಬಂದು ಸಾಹುಕಾರರ ಉಡಿ ತುಂಬಿತು.

"ಯಾರ ತಪ್ಪಿದು?" ಮೀಸೆಯಿಂದಲೂ ತೌಡು ಉದುರಿತು.

"ನಂದೇ ರೀ. ನಾನು ಚೆಕ್ ಮಾಡಬೇಕಿತ್ತು" ಎಂದ ಅವನು.

ಸಾಹುಕಾರರು ಬೆರಗಾದರು. "ತಪ್ಪು ಒಪ್ಕೊಳ್ಳೋ ವೈರ್‌ಮನ್‌ನ ಇವತ್ತೇ ನೋಡಿದ್ದು. ಮಿಲ್ ನಿಂದಪಾ."

ನನಗೆ ತಡೆಯಲಾಗಲಿಲ್ಲ. "ಸಾಹುಕಾರ್ರ, ತಪ್ಪು ಅವಂದಲ್ರಿ, ನಂದು!"

ಸಾಹುಕಾರರ ಕಣ್ಣು ತೇವವಾಯಿತು. "ನೋಡ್ರಿ, ಚಿಕ್ಕವನ್ನ ಉಳಸಾಕ ಎಷ್ಟು ಒದ್ದಾಡ್ತಾರ! ದೊಡ್ಡ ಮನಸ್ಸು. ಸಾಕ್ರಿ ಯಜಮಾನ್ರ, ಮನಿಗೆ ಹೋಗಿ ಆರಾಮ ಇರ್ರಿ."

ನನ್ನ ತಪ್ಪನ್ನೂ ಅವನೇ ಹೊಡೆದುಕೊಂಡು ಹೋದ.