ಓಟಕ್ಕೊಂದು ಗಟ್ಟಿ ಬಾಡಿ

ಯಾವ ಮಾತನ್ನೂ ಆಧಾರವಿಲ್ಲದೆ ಒಪ್ಪಬಾರದು ಎಂಬುದು ನನ್ನ ಸಿದ್ಧಾಂತ. ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿ ನಿಂತೂ ಗೆದ್ದಿದ್ದೇನೆ, ವಿರೋಧವಾಗಿ ನಿಂತೂ ಗೆದ್ದಿದ್ದೇನೆ. ಅಂಥವಳಿಗೆ ಓಡುವಾಗ ಒಳಗೆ ಹಾಕಿಕೊಳ್ಳಲು ಒಂದು ಗಟ್ಟಿ ಬಾಡಿ ಆರಿಸುವುದು ಯಾವ ಮಹಾ ಕೆಲಸ? ಅರ್ಧ ಗಂಟೆ ಸಾಕು ಎಂದುಕೊಂಡಿದ್ದೆ!

ಕಳೆದ ವರ್ಷ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಸಾವಿರದೈನೂರು ಮೀಟರ್ ಓಟಕ್ಕೆ ಯಾವ ಹುಡುಗಿಯೂ ಹೆಸರು ಕೊಡದಿದ್ದಾಗ ನಮ್ಮ ಪಿ.ಟಿ. ಸರ್ ನನ್ನ ಹೆಸರು ಬರೆದುಕೊಂಡರು. ಓಡಿ ನೋಡಿದರೆ ನನಗೇ ಆಶ್ಚರ್ಯ, ಕಾಲೂ ನಾಲಿಗೆಯಷ್ಟೇ ಚುರುಕಾಗಿತ್ತು. ಪುತ್ತೂರಿನಲ್ಲಿ ಆಯ್ಕೆಯ ಓಟ. ಗೆದ್ದ ಒಬ್ಬಳಿಗೆ ಮಾತ್ರ ಮದರಾಸಿನ ಕ್ರೀಡಾಕೂಟಕ್ಕೆ ಹೋಗುವ ಅವಕಾಶ, ಅದೂ ರೈಲಿನಲ್ಲಿ. ಅಷ್ಟರವರೆಗೆ ನಾನು ನೆಟ್ಟಣದ ಸ್ಟೇಷನ್ನಿನಲ್ಲಿ ನಿಂತು ರೈಲು ನೋಡಿದ್ದೆ, ಹತ್ತಿದವಳಲ್ಲ. ನನಗೆ ಮದರಾಸು ಬೇಕೇ ಬೇಕಿತ್ತು.

ಅಡ್ಡ ಬಂದದ್ದು ನನ್ನ ಹಳೆಯ ಬಾಡಿ. ಒಗೆದು ಒಗೆದು ಅದು ಯಾವ ಜವಾಬ್ದಾರಿಯನ್ನೂ ಹೊರುವ ಸ್ಥಿತಿಯಲ್ಲಿರಲಿಲ್ಲ. ಓಡಿದರೆ ಎದೆ ನೋಯುತ್ತಿತ್ತು. ಆದ್ದರಿಂದ ಎರಡೂ ಮೊಣಕೈಗಳನ್ನು ಎದೆಗೆ ಒತ್ತಿಕೊಂಡು ಓಡುತ್ತಿದ್ದೆ.

"ನೀನು ಓಡುದಾ, ಚಳಿ ಕಾಯುದಾ?" ಎಂದು ಸರ್ ಮೈದಾನದ ನಡುವಿನಿಂದ ಕೂಗಿದರು. ಇದಕ್ಕೆ ನನ್ನ ಬಳಿ ಸಮರ್ಥ ಉತ್ತರವಿತ್ತು. ಆದರೆ ಸರ್‌ಗೆ ಹೇಳುವಂಥದ್ದಲ್ಲ.

ಹೇಳಿದ್ದು ಅತ್ತಿಗೆಗೆ, ಅಂದರೆ ಅಣ್ಣನ ಹೆಂಡತಿಗೆ. "ಅಷ್ಟಕ್ಕೆ ಎಂತ ತಲೆಬಿಸಿ ಮಾರಾಯ್ತಿ? ದರ್ಬೆ ಪೇಟೆಗೆ ಹೋಗುವ, ಅದ್ದುಚ್ಚನ ಅಂಗಡಿಯಲ್ಲಿ ಉಂಟು" ಎಂದರು.

ಅದ್ದುಚ್ಚನ ಜವಳಿ ಅಂಗಡಿಯಲ್ಲಿ ಈ ವ್ಯಾಪಾರಕ್ಕೊಂದು ಪದ್ಧತಿಯಿದೆ. ಹೆಂಗಸರು ಅಳತೆಯನ್ನು ಪಿಸುಗುಟ್ಟಬೇಕು. ಅದ್ದುಚ್ಚ ಫ್ಯಾನ್ ನೋಡುತ್ತಾ ಕೇಳಿಸಿಕೊಳ್ಳಬೇಕು. ಮೇಲಿನ ಡಬ್ಬದಿಂದ ಒಂದು ಪೊಟ್ಟಣ ಇಳಿಯುತ್ತದೆ, ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹೋಗುತ್ತದೆ. ಬಿಡಿಸಿ ನೋಡುವಂತಿಲ್ಲ, ಹಿಂದೆ ಕೊಡುವಂತಿಲ್ಲ. ಇಡೀ ತಾಲೂಕಿನ ಹೆಂಗಸರು ಇದನ್ನು ಒಪ್ಪಿದ್ದರು. ನನಗೆ ಸಂಶಯ ಬಂದದ್ದೇ ಅಲ್ಲಿ! ಇಷ್ಟು ಮುಚ್ಚಿ ಮಾರುತ್ತಾರೆಂದರೆ ಒಳಗೆ ಏನೋ ಹುಳುಕಿರಲೇಬೇಕು.

ಅತ್ತಿಗೆ ಪಿಸುಗುಟ್ಟಿದರು. ಪೊಟ್ಟಣ ಬಂತು. ನಾನು ಅಲ್ಲೇ ಬಿಡಿಸಿದೆ.

"ಓಡುವಾಗ ಇದು ಅಲುಗದೆ ನಿಲ್ತದೆ ಅಂತ ಎಂತ ಆಧಾರ?" ವೇದಿಕೆಯ ಅಭ್ಯಾಸ ನೋಡಿ, ಧ್ವನಿ ಬೀದಿಯವರೆಗೂ ಹೋಯಿತು.

ಅದ್ದುಚ್ಚ ಫ್ಯಾನಿಗೇ ಹೇಳಿದರು: "ಫಾರಿನ್ ಮಾಲು ತಂಗಿ. ದುಬಾಯಿದು."

"ದುಬಾಯಿಯಲ್ಲಿ ಹೆಂಗಸರು ಓಡ್ತಾರಾ?"

"ಅಲ್ಲಿ ಎಲ್ಲರೂ ಓಡುದೇ! ನನ್ನ ತಮ್ಮ ಹೋದಲ್ಲಿಂದ ಓಡ್ತಾ ಇದ್ದಾನೆ, ಊರಿಗೆ ಬರ್ಲಿಕ್ಕೆ ಪುರುಸೊತ್ತಿಲ್ಲ."

"ಇದು ಪ್ರಶ್ನೆಗೆ ಉತ್ತರ ಅಲ್ಲ" ಎಂದೆ.

"ಸಾಕು, ಬಾ" ಎಂದು ಅತ್ತಿಗೆ ನನ್ನ ಜಡೆ ಎಳೆದರು. ಆದರೆ ಸತ್ಯಶೋಧನೆ ಅರ್ಧಕ್ಕೆ ನಿಲ್ಲಬಾರದಲ್ಲ? ಎಲಾಸ್ಟಿಕ್ ಪರೀಕ್ಷಿಸಲು ಪಟ್ಟಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ ಸರಿಯಾಗಿ ಎಳೆದೆ. ಎಲಾಸ್ಟಿಕ್ ಉತ್ತಮವಾಗಿತ್ತು. ಕೈ ಜಾರಿತು. ಬಾಡಿ ಕವಣೆಯಿಂದ ಹೊರಟ ಹಾಗೆ ಹಾರಿ, ಆಚೆ ಬದಿಯಲ್ಲಿ ಪಂಚೆ ಆರಿಸುತ್ತಿದ್ದ ಹಿರಿಯರೊಬ್ಬರ ಭುಜದ ಮೇಲೆ ಕುಳಿತಿತು. ಅವರು ನಮ್ಮ ತರ್ಕಶಾಸ್ತ್ರದ ಲೆಕ್ಚರರ್!

ಅವರು ಅದನ್ನೊಮ್ಮೆ ನೋಡಿದರು. ನನ್ನನ್ನೊಮ್ಮೆ ನೋಡಿದರು. "ಇದು ನನ್ನದಲ್ಲ" ಎಂದರು.

ಅಷ್ಟು ಖಚಿತವಾದ ವಾದವನ್ನು ನಾನು ಅವರ ತರಗತಿಯಲ್ಲಿ ಎಂದೂ ಕೇಳಿರಲಿಲ್ಲ.

"ಇನ್ನು ಆ ಅಂಗಡಿಗೆ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೋಗಬೇಕಷ್ಟೆ" ಎಂದು ಬರಿಗೈಯಲ್ಲಿ ಮರಳುವ ದಾರಿಯುದ್ದಕ್ಕೂ ಅತ್ತಿಗೆ ಬೈದರು. ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆ ಬೇರೆ ದಿಕ್ಕಿಗೆ ಹೊರಟಿತ್ತು. ನಮ್ಮ ಊರಿನಲ್ಲಿ ಅತಿ ಹೆಚ್ಚು ಕುಣಿಯುವವರು ಯಾರು? ಯಕ್ಷಗಾನದವರು. ಅದರಲ್ಲೂ ಸ್ತ್ರೀವೇಷದ ಗಂಡಸರು! ರಾತ್ರಿಯಿಡೀ ಕುಣಿದು ಗಿರಕಿ ಹೊಡೆದರೂ ಅವರ ಎದೆ ಕಟ್ಟಿದಲ್ಲಿಂದ ಕೂದಲೆಳೆಯಷ್ಟೂ ಜಾರುವುದಿಲ್ಲ. ಇಲ್ಲದ್ದನ್ನೇ ಅಷ್ಟು ಭದ್ರವಾಗಿ ನಿಲ್ಲಿಸುವವರಿಗೆ ಇದ್ದದ್ದನ್ನು ನಿಲ್ಲಿಸುವುದು ಕಷ್ಟವೇ? ಇದಕ್ಕೆ ಸಾಕ್ಷಿ ಒಬ್ಬಿಬ್ಬರಲ್ಲ, ಗದ್ದೆ ತುಂಬ ಕೂತ ಪ್ರೇಕ್ಷಕರು!

ಪಕ್ಕದ ಮನೆಯ ವಾಸಣ್ಣ ಮೇಳದಲ್ಲಿ ರಾಣಿಯ ವೇಷ ಮಾಡುವವರು. ವಿಷಯ ಕೇಳಿ ಬೀಡದ ರಸ ನೆತ್ತಿಗೇರಿ ಕೆಮ್ಮಿದರು. "ತಂಗೀ, ಇದನ್ನು ನನ್ನತ್ರ ಕೇಳುದಾ?"

"ಈ ವಿಷಯದಲ್ಲಿ ನಿಮಗಿಂತ ಅನುಭವಿ ಯಾರಿದ್ದಾರೆ ವಾಸಣ್ಣ?"

ಹೊಗಳಿಕೆಗೆ ಕಲಾವಿದರು ಕರಗುತ್ತಾರೆ. ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಒಬ್ಬರು ಬಿಗಿಯಾಗಿ ಹಿಡಿಯಬೇಕು, ಇನ್ನೊಂದು ತುದಿಯನ್ನು ಎದೆಗೆ ಒತ್ತಿ ವೇಷಧಾರಿ ಬುಗುರಿಯಂತೆ ತಿರುಗುತ್ತಾ ಸುತ್ತಿಕೊಂಡು ಹೋಗಬೇಕು. ಅಂಗಿಯ ಮೇಲಿಂದಲೇ ಮಾಡಿ ತೋರಿಸಿದರು. "ಬೆಳಗ್ಗಿನವರೆಗೆ ಗ್ಯಾರಂಟಿ" ಎಂದರು. ಬಟ್ಟೆಯನ್ನೂ ಕೊಟ್ಟರು.

"ಒಂದು ಸಲ ಸುತ್ತಿ ಓಡಿಯಾದರೂ ನೋಡು" ಎಂದರು ಅತ್ತಿಗೆ.

"ಎಂತಕ್ಕೆ ಅತ್ತಿಗೆ? ಇಷ್ಟು ವರ್ಷ ವಾಸಣ್ಣ ಕುಣಿದ ಆಟಗಳೆಲ್ಲ ಪರೀಕ್ಷೆಯೇ ಅಲ್ವಾ?"

ಅದ್ದುಚ್ಚನನ್ನು ಬೀದಿಗೆ ಕೇಳುವಂತೆ ವಿಚಾರಣೆಗೆ ಗುರಿಪಡಿಸಿದ ನಾನು ವಾಸಣ್ಣನನ್ನು ಆಧಾರದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ!

ಆಯ್ಕೆಯ ದಿನ ಮೈದಾನದ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಿಗೆ ಎಳೆದರು, ನಾನು ತಿರುಗಿದೆ. ತುದಿಯನ್ನು ಸಿಕ್ಕಿಸಿ ಮೇಲೆ ಬನಿಯನು ಹಾಕಿಕೊಂಡೆ. ಹಾರಿದೆ, ಕುಪ್ಪಳಿಸಿದೆ. ಏನೂ ಅಲುಗಲಿಲ್ಲ. ಪರಮಾನಂದ!

"ಉಸಿರಾಡ್ಲಿಕ್ಕೆ ಆಗ್ತದಾ?"

"ಆ... ಗ್ತದೆ."

ಸೀಟಿ ಊದಿದರು. ಮೊದಲ ಸುತ್ತಿನಲ್ಲಿ ನಾನೇ ಮುಂದೆ. ಕೈಗಳೆರಡೂ ಸ್ವತಂತ್ರ! ಸರ್ "ಭೇಷ್!" ಎಂದದ್ದೂ ಕೇಳಿಸಿತು. ಎರಡನೆಯ ಸುತ್ತಿನಲ್ಲಿ ಉಸಿರು ಗಂಟಲಿನವರೆಗೆ ಬಂದು ಒಳಗೆ ಜಾಗವಿಲ್ಲವೆಂದು ವಾಪಸು ಹೋಗತೊಡಗಿತು. ಆಗ ಹೊಳೆಯಿತು, ನನ್ನ ವಾದದ ತೂತು. ವಾಸಣ್ಣ ಕಟ್ಟಿಕೊಳ್ಳುವುದು ಹಳೆ ಬಟ್ಟೆಯ ಉಂಡೆ, ಅದಕ್ಕೆ ಉಸಿರು ಬೇಡ. ನಡುನಡುವೆ ರಾಜ ಮಾತಾಡುವಾಗ ರಾಣಿ ನಿಂತು ಸುಧಾರಿಸಿಕೊಳ್ಳುತ್ತಾಳೆ. ನನಗೆ ಅಂಥ ರಾಜ ಯಾರೂ ಇರಲಿಲ್ಲ!

ಕಡಬದ ಯಶೋದಾ ಎಂಬ ಹುಡುಗಿ ನನ್ನನ್ನು ದಾಟಿದಳು. ಮತ್ತೊಬ್ಬಳು ದಾಟಿದಳು. ಅಷ್ಟರಲ್ಲಿ ಸಿಕ್ಕಿಸಿದ ತುದಿ ಬನಿಯನಿನ ಕೆಳಗಿನಿಂದ ಹೊರಬಿದ್ದು ನನ್ನ ಹಿಂದೆ ಓಡತೊಡಗಿತು.

"ಏ, ಅದೆಂತ ಬಾಲ?" ಎಂದರು ಸರ್.

ಅತ್ತಿಗೆ ಗೆರೆ ದಾಟಿ ಓಡಿಬಂದರು. ನನ್ನ ಮುಖ ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ನೋಡಿ, ಬಟ್ಟೆಯ ತುದಿ ಹಿಡಿದು ಜೀವ ಉಳಿಸುವವರಂತೆ ಎಳೆದರು. ಸಭಾಸದರೆಲ್ಲರ ಎದುರು ನಾನು ಬುಗುರಿಯಾದೆ. ಸುತ್ತು ಬಿಚ್ಚುತ್ತಾ ಬಿಚ್ಚುತ್ತಾ ಬಟ್ಟೆ ಮೈದಾನದಲ್ಲಿ ಹಾಸಿಕೊಂಡಿತು, ನನಗೆ ಉಸಿರು ಬಂತು, ತಲೆ ತಿರುಗಿತು. ಯಾವ ಕಡೆಗೆ ಓಡುತ್ತಿದ್ದೆ ಎಂಬುದೂ ಮರೆತುಹೋಯಿತು. ಮತ್ತೆ ಮೊಣಕೈಗಳನ್ನು ಎದೆಗೆ ಒತ್ತಿಕೊಂಡು ಹೇಗೋ ಓಟ ಮುಗಿಸಿದೆ. ಎಲ್ಲರಿಗಿಂತ ಕೊನೆಗೆ! ಮದರಾಸಿನ ರೈಲು ಯಶೋದಾಳ ಪಾಲಾಯಿತು.

ಸೋತರೂ ವಿಚಾರಣೆ ಬಿಡಲಿಲ್ಲ. ನೀರು ಕುಡಿಯುತ್ತಿದ್ದ ಅವಳ ಬಳಿ ಹೋಗಿ ಮೆಲ್ಲಗೆ ಕೇಳಿದೆ: "ನೀನು ಒಳಗೆ ಎಂತ ಹಾಕಿದ್ದು?"

"ಪೇಟೆಯಿಂದ ತಂದ ಬಾಡಿ" ಎಂದಳು. "ಮೂರು ನಮೂನೆ ತಂದದ್ದು. ಒಂದೊಂದೇ ಹಾಕಿ ಅಂಗಳದಲ್ಲಿ ಹಾರಿ ನೋಡಿದೆ. ಕುಲುಕಿದ್ದನ್ನು ಬಿಟ್ಟೆ, ಉಸಿರು ಕಟ್ಟಿದ್ದನ್ನು ಅಕ್ಕನಿಗೆ ಕೊಟ್ಟೆ. ಉಳಿದದ್ದು ಹಾಕಿದೆ."

"ಅಷ್ಟೇಯಾ?"

"ಮತ್ತೆಂತ?"

"ಆದರೆ ಅದು ಓಟದಲ್ಲೂ ಹಾಗೇ ನಿಲ್ತದೆ ಅಂತ ಎಂತ ಆಧಾರ?"

ಯಶೋದಾ ಲೋಟ ಕೆಳಗಿಟ್ಟು, ಬಟ್ಟೆ ಮಡಚುತ್ತಿದ್ದ ಅತ್ತಿಗೆಯನ್ನು ಕನಿಕರದಿಂದ ಕೇಳಿದಳು: "ಇವರಿಗೆ ಬಿಸಿಲು ತಲೆಗೆ ಹೊಡೆದದ್ದಾ ಅಕ್ಕಾ?"

"ಇಲ್ಲ ಮಾರಾಯ್ತಿ, ಇವಳು ನೆರಳಿನಲ್ಲೂ ಹೀಗೆಯೇ" ಎಂದರು ಅತ್ತಿಗೆ.